ಪಾಸ್‌ವರ್ಡ್ ಕೇಳುವ ಕೋಡ್‌ನಲ್ಲಿ ಹೆಸರುಗಳ ಬೆಲೆ

ಪಾಸ್‌ವರ್ಡ್‌ನಿಂದ ರಕ್ಷಿಸಿದ ಪ್ರೈವೇಟ್ ಕೀ ಫೈಲನ್ನು ತೆರೆಯುವಾಗ ಅಥವಾ ಬರೆಯುವಾಗ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಒಂದು ಕಾಲ್‌ಬ್ಯಾಕ್ ಫಂಕ್ಷನ್‌ನಿಂದ ಪಾಸ್‌ವರ್ಡ್ ಪಡೆಯುತ್ತದೆ. ಆ ಫಂಕ್ಷನ್‌ಗೆ ಬರುವುದು ನಾಲ್ಕು: ಬಫರ್, ಅದರ ಗಾತ್ರ, ‘ಆರ್‌ಡಬ್ಲ್ಯೂಫ್ಲ್ಯಾಗ್’ ಎಂಬ ಪೂರ್ಣಾಂಕ, ಕೊನೆಗೆ ಬರೀ ‘ಯು’ ಎಂಬ ಒಂದಕ್ಷರದ ಪಾಯಿಂಟರ್.

ಫ್ಲ್ಯಾಗ್ 0 ಆದರೆ ಕೀಯನ್ನು ಬಿಚ್ಚಲಾಗುತ್ತಿದೆ. ಪಾಸ್‌ವರ್ಡನ್ನು ಒಮ್ಮೆ ಕೇಳಿದರೆ ಸಾಕು. 1 ಆದರೆ ಎನ್‌ಕ್ರಿಪ್ಟ್ ಮಾಡಲಾಗುತ್ತಿದೆ. ಎರಡು ಸಲ ಕೇಳಿ ತಾಳೆ ನೋಡುವುದು ಲೇಸು, ಏಕೆಂದರೆ ಇಲ್ಲಿ ಒಂದಕ್ಷರ ತಪ್ಪಿದರೂ ಕೀ ಮತ್ತೆ ಕೈಗೆ ಸಿಗದು. ಇಷ್ಟು ದೊಡ್ಡ ವ್ಯತ್ಯಾಸ ಒಂದು ಅಂಕಿಯ ಹಿಂದೆ ಅಡಗಬಾರದು. ಫ್ಲ್ಯಾಗನ್ನು ಮೊದಲ ಸಾಲಿನಲ್ಲೇ ‘ಎನ್‌ಕ್ರಿಪ್ಟಿಂಗ್’ ಎಂಬ ವೇರಿಯಬಲ್‌ಗೆ ಹಾಕಿಕೊಂಡರೆ ಮುಂದಿನ ಷರತ್ತು ತಾನಾಗಿಯೇ ಅರ್ಥವಾಗುತ್ತದೆ.

ಹಿಂತಿರುಗಿಸುವ ಸಂಖ್ಯೆಯಲ್ಲೂ ಗೊಂದಲವುಂಟು. ಅದು ಪಾಸ್‌ವರ್ಡ್‌ನ ಉದ್ದ, ತಪ್ಪಾದರೆ -1. 0 ಎಂದರೆ ಖಾಲಿ ಪಾಸ್‌ವರ್ಡ್, ಸೋಲಲ್ಲ. -1ಕ್ಕೊಂದು ಹೆಸರು ಕೊಟ್ಟರೆ ಈ ಎರಡೂ ಬೆರೆಯುವುದಿಲ್ಲ.

ಕೆಲಸ ಮುಗಿದ ಮೇಲೆ ಬಫರನ್ನು ಅಳಿಸಬೇಕು. ಸಾಮಾನ್ಯ ‘ಮೆಮ್‌ಸೆಟ್’ ಕರೆಯನ್ನು, ಆ ಬಫರ್ ಮತ್ತೆ ಬಳಕೆಯಾಗುವುದಿಲ್ಲ ಎಂದು ಕಂಪೈಲರ್ ತೆಗೆದುಹಾಕಬಹುದು. ‘ಓಪನ್‌ಎಸ್‌ಎಸ್‌ಎಲ್ ಕ್ಲೆನ್ಸ್’ ಹಾಗೆ ಮಾಯವಾಗದಂತೆ ರೂಪಿಸಿದ ಫಂಕ್ಷನ್. ಅಲ್ಲಿ ರಹಸ್ಯವೊಂದನ್ನು ಅಳಿಸಲಾಗುತ್ತಿದೆ ಎಂಬುದನ್ನು ಅದರ ಹೆಸರೇ ಓದುಗರಿಗೆ ತಿಳಿಸುತ್ತದೆ.