ಬರದ ಕಾವಲಿಗೆ ಬಿತ್ತನೆ ಬೇಕೆ?

2023ರ ಸೆಪ್ಟೆಂಬರ್ ತಿಂಗಳು ಹಾಸನ ಜಿಲ್ಲೆಗೆ ಎರಡು ಸುದ್ದಿ ತಂದಿತು. ಬೇಲೂರು, ಹಳೇಬೀಡಿನ ದೇಗುಲಗಳು ಸೋಮನಾಥಪುರದ ಜೊತೆಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅದೇ ತಿಂಗಳು ರಾಜ್ಯ ಸರ್ಕಾರ ಬರಪೀಡಿತ ತಾಲ್ಲೂಕುಗಳ ಮೊದಲ ಪಟ್ಟಿ ಹೊರಡಿಸಿತು. ಈ ಎರಡನೆಯ ಪಟ್ಟಿ ಬೆಳೆಯುತ್ತಲೇ ಹೋಗಿ ಕೊನೆಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ನುಂಗಿತು.

ಬರ ಬಂದಾಗಲೆಲ್ಲ ದನದ ಮೇವಿನ ಚಿಂತೆಯ ಬೆನ್ನಿಗೇ ಇನ್ನೊಂದು ಮಾತು ಏಳುತ್ತದೆ. ಜಿಂಕೆಗಳು ಹೊಲಕ್ಕೆ ನುಗ್ಗುತ್ತಿವೆ, ಪಾಪ ಅವಕ್ಕೂ ಹೊಟ್ಟೆಯಿದೆ, ಕಾವಲಿನಲ್ಲಿ, ಅಂದರೆ ಮೇಯಲು ಬಿಟ್ಟ ಹುಲ್ಲು ಬಯಲಿನಲ್ಲಿ, ಒಂದಿಷ್ಟು ಮೇವು ಬಿತ್ತಿ ತೊಟ್ಟಿಗೆ ನೀರು ತುಂಬಿಸಬಾರದೆ ಎಂದು. ಕೇಳಲು ಹಿತವಾದ ಮಾತು. ಅಮೆರಿಕದಲ್ಲಂತೂ ಜಿಂಕೆಗೆಂದೇ ಜಮೀನು ಹಸನು ಮಾಡಿ ಕ್ಲೋವರ್, ಟರ್ನಿಪ್ ಬಿತ್ತುವುದು ದೊಡ್ಡ ವ್ಯಾಪಾರ. ಆದರೆ ಅಲ್ಲಿ ಹಾಗೆ ಬಿತ್ತುವವರಲ್ಲಿ ಬಹುಪಾಲು ಬೇಟೆಗಾರರು. ಜಿಂಕೆ ಮೇಯಲು ಬರುವುದು ಬಂದೂಕಿನ ಎದುರಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಆ ಲೆಕ್ಕಾಚಾರಕ್ಕೆ ಜಾಗವಿಲ್ಲ. ಅಲ್ಲಿನ ಉಪಾಯವನ್ನು ಇಲ್ಲಿನ ಕರುಣೆಗೆ ಹೊಲಿದರೆ ಅಳತೆ ಕೂಡುವುದಿಲ್ಲ.

ಹಾಸನವೆಂದರೆ ಮಲೆನಾಡು, ಅಲ್ಲೆಂಥ ಬರ ಎನ್ನುವವರೂ ಇದ್ದಾರೆ. ಅವರು ಬೇಲೂರಿನಿಂದ ಹಳೇಬೀಡು, ಜಾವಗಲ್, ಬಾಣಾವರದ ಮೇಲೆ ಅರಸೀಕೆರೆಗೆ ಬಸ್ಸು ಹತ್ತಿ ಬರಬೇಕು. ಬೇಲೂರಿನ ಪಶ್ಚಿಮಕ್ಕೆ ಕಾಫಿ ತೋಟಗಳ ನೆರಳು. ಪೂರ್ವಕ್ಕೆ ಬಂದಂತೆ ರಾಗಿ ಹೊಲ, ತೆಂಗಿನ ತೋಟ, ಬೋಳು ಗುಡ್ಡ. ಘಟ್ಟ ಮಳೆಯನ್ನು ಹಿಡಿದಿಟ್ಟುಕೊಂಡು ಉಳಿದದ್ದನ್ನು ಈ ಕಡೆಗೆ ಕಳಿಸುತ್ತದೆ. ಅರಸೀಕೆರೆ, ಪಕ್ಕದ ಕಡೂರು ಎರಡೂ ಮಳೆನೆರಳಿನ ತಾಲ್ಲೂಕುಗಳು.

ಇನ್ನು, ನಾವು ಜಿಂಕೆ ಎಂದು ಕರೆಯುವುದು ಒಂದೇ ಪ್ರಾಣಿಯನ್ನಲ್ಲ. ಕೃಷ್ಣಮೃಗ ದನ, ಕುರಿ, ಮೇಕೆಗಳ ಕುಟುಂಬದ್ದು. ಅದರ ಕೋಡು ಒಮ್ಮೆ ಬಂದರೆ ಉದುರುವುದಿಲ್ಲ. ಚುಕ್ಕೆ ಜಿಂಕೆಯ ಕೊಂಬು ಉದುರಿ ಮತ್ತೆ ಚಿಗುರುತ್ತದೆ. ಮೇವಿನ ವಿಷಯಕ್ಕೆ ಈ ಭೇದ ಮುಖ್ಯ. ಚುಕ್ಕೆ ಜಿಂಕೆಗೆ ಮರದ ನೆರಳು ಬೇಕು, ನೀರು ಹತ್ತಿರವಿರಬೇಕು. ಹುಲ್ಲು ಒಣಗಿದರೆ ಉದುರಿದ ಎಲೆ, ಹೂವು, ಕಾಯಿಗಳ ಮೇಲೆ ದಿನ ದೂಡುತ್ತದೆ. ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು ಮತ್ತು ಕುಳ್ಳ ಹುಲ್ಲು. ದೂರದಿಂದಲೇ ತೋಳವನ್ನು ಕಂಡು ಓಡಿ ಬದುಕುವ ಪ್ರಾಣಿ ಅದು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ್ದು ಈ ಕೃಷ್ಣಮೃಗ ಮತ್ತು ತೋಳಗಳಂಥ ಬಯಲಿನ ಜೀವಗಳಿಗಾಗಿ.

ಕಾವಲು ಬರಡು ಭೂಮಿ, ಉತ್ತು ಬಿತ್ತಿದರೆ ಹಸಿರಾಗುತ್ತದೆ ಎಂಬ ನಂಬಿಕೆಯೇ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು. ಏಪ್ರಿಲ್ ತಿಂಗಳಲ್ಲಿ ಕಾವಲನ್ನು ನೋಡಿದರೆ ಯಾರಿಗಾದರೂ ಹಾಗೆ ಅನ್ನಿಸೀತು. ನೆಲ ಹಳದಿ, ಹುಲ್ಲು ಕಡ್ಡಿಯಂತೆ. ಆದರೆ ಸತ್ತಂತೆ ಕಾಣುವ ಆ ಬುಡ ಸತ್ತಿರುವುದಿಲ್ಲ. ಬಹುವಾರ್ಷಿಕ ಹುಲ್ಲುಗಳು ಮೇಲಿನ ಎಲೆಯನ್ನು ಒಣಗಲು ಬಿಟ್ಟು ಬೇರು ಮತ್ತು ಬುಡದಲ್ಲಿ ಆಹಾರ ಕೂಡಿಟ್ಟುಕೊಂಡಿರುತ್ತವೆ. ಒಂದು ಹದ ಮಳೆ ಬಿದ್ದರೆ ವಾರದೊಳಗೆ ಚಿಗುರು. ನೇಗಿಲು ಹಾಕಿದರೆ ಮೊದಲು ಸಾಯುವುದು ಈ ಬುಡವೇ. ಬದಲಿಗೆ ಬಿತ್ತಿದ ಜೋಳವೋ ಮುಸುಕಿನ ಜೋಳವೋ ಮಳೆಯಿಲ್ಲದೆ ಮೊಣಕಾಲುದ್ದಕ್ಕೆ ನಿಂತುಬಿಡುತ್ತದೆ. ಇದ್ದ ಹುಲ್ಲೂ ಹೋಯಿತು, ಬಿತ್ತಿದ ಮೇವೂ ಬರಲಿಲ್ಲ. ಖಾಲಿ ಬಿದ್ದ ನೆಲಕ್ಕೆ ಬಳ್ಳಾರಿ ಜಾಲಿ, ಪಾರ್ಥೇನಿಯಂ ಬರುತ್ತವೆ.

ಹಿಂದಿನವರು ಕಾವಲನ್ನು ನಡೆಸಿದ ರೀತಿ ಬೇರೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಸೈನ್ಯದ ಎತ್ತುಗಳನ್ನು ಸಾಕಲು ಹಳೆ ಮೈಸೂರಿನ ಉದ್ದಕ್ಕೂ ಕಾವಲುಗಳಿದ್ದವು. ಒಂದು ಕಾಲಕ್ಕೆ ಒಟ್ಟು ನಾಲ್ಕು ಲಕ್ಷ ಎಕರೆಯಷ್ಟು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ಮಂದೆಯನ್ನು ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ಬೇಸಿಗೆಯ ಕಾವಲು ಸಾಮಾನ್ಯವಾಗಿ ಕೆರೆಯ ಅಂಗಳ, ಮರದ ನೆರಳು ಇರುವ ಕಡೆ. ಒಂದು ಕಾವಲಿನಲ್ಲಿ ಮಂದೆ ಮೇಯುವಾಗ ಉಳಿದ ಕಾವಲುಗಳಿಗೆ ಬಿಡುವು ಸಿಗುತ್ತಿತ್ತು. ಅಂದಿನ ಬರ ನಿರ್ವಹಣೆಯಲ್ಲಿ ಬಿತ್ತನೆಯ ಪಾತ್ರವೇ ಇರಲಿಲ್ಲ. ಇವತ್ತು ಉಳಿದಿರುವುದು ಎಪ್ಪತ್ತು ಸಾವಿರ ಎಕರೆಗೂ ಕಡಿಮೆ, ಅದೂ ಚೂರುಚೂರಾಗಿ. ಒಂದು ಚೂರಿನಿಂದ ಇನ್ನೊಂದಕ್ಕೆ ಹೋಗಲು ದಾರಿಯಿಲ್ಲದ ಕೃಷ್ಣಮೃಗ ನಡುವಿನ ರಾಗಿ ಹೊಲದಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ‘ನುಗ್ಗುವುದು’ ಎಂದು ಕರೆಯುವವರು ನಾವು.

ಹುಲ್ಲು ಬೇಡ, ಗಿಡವನ್ನಾದರೂ ನೆಡೋಣ ಎಂಬ ಉತ್ಸಾಹ ಇನ್ನೊಂದು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಬಹುಭಾಗ ನೀಲಗಿರಿ ನೆಡುತೋಪು ಎಂದರೆ ಸಾಕು. ಬಯಲಿನ ಪ್ರಾಣಿಗೆ ನೆಡುತೋಪು ಅರಣ್ಯವಲ್ಲ, ಕಣ್ಣಿಗೆ ಕಟ್ಟಿದ ಬಟ್ಟೆ.

ನೀರಿನ ತೊಟ್ಟಿಯ ವಿಷಯ ಇಷ್ಟು ಸರಳವಲ್ಲ. ತೊಟ್ಟಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಬತ್ತಿದ ಕಟ್ಟೆಯನ್ನೇ ನಂಬಿದ ಚುಕ್ಕೆ ಜಿಂಕೆಗೆ ಒಂದು ಬೇಸಿಗೆ ದಾಟಲು ಅದು ಆಸರೆಯಾಗಬಹುದು. ಕೃಷ್ಣಮೃಗವೂ ನೀರು ಸಿಕ್ಕರೆ ಕುಡಿಯುತ್ತದೆ, ಆದರೆ ಹಸಿರು ಮೇವಿನ ತೇವ, ಬೆಳಗಿನ ಇಬ್ಬನಿಯಿಂದಲೇ ಬಹಳಷ್ಟು ಅಗತ್ಯ ಪೂರೈಸಿಕೊಳ್ಳಬಲ್ಲದು. ತೊಂದರೆ ಇರುವುದು ಎಲ್ಲ ಕಡೆ, ಎಲ್ಲ ಕಾಲಕ್ಕೂ ನೀರಿಡುವುದರಲ್ಲಿ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಕಥೆ ಇದಕ್ಕೆ ಸಾಕ್ಷಿ. ಅಲ್ಲಿ ಬರಕ್ಕೆ ಹೆದರಿ ಕೊಳವೆಬಾವಿ ಕೊರೆದು ನೂರಾರು ನೀರುಗುಂಡಿ ಮಾಡಿದರು. ಒಣ ಉತ್ತರ ಭಾಗಕ್ಕೂ ಜೀಬ್ರಾ ಹಿಂಡುಗಳು ಬಂದವು, ಅವುಗಳ ಹಿಂದೆ ಸಿಂಹಗಳು ಬಂದವು. ಅಲ್ಲಿಯೇ ಇದ್ದ ರೋನ್ ಎಂಬ ಅಪರೂಪದ ಹುಲ್ಲೆ 1986ರಲ್ಲಿ 450ರಷ್ಟಿದ್ದದ್ದು 1993ರ ಹೊತ್ತಿಗೆ 45ರ ಆಸುಪಾಸಿಗೆ ಕುಸಿಯಿತು. ಆಮೇಲೆ ಅವರೇ ಅನೇಕ ನೀರುಗುಂಡಿಗಳನ್ನು ಮುಚ್ಚಿದರು. ನಮ್ಮ ಬಯಲಿನಲ್ಲಿ ಸಿಂಹವಿಲ್ಲ, ಬೀದಿನಾಯಿಗಳಿವೆ. ಊರ ಹತ್ತಿರದ ತೊಟ್ಟಿಗೆ ಬಂದ ಜಿಂಕೆಯನ್ನು ಅಟ್ಟಿಸಿಕೊಂಡು ಹೋಗಲು ಅವು ಸಾಲದೆ? ದನಗಳೂ ಅದೇ ತೊಟ್ಟಿಗೆ ಬಾಯಿ ಹಾಕಿದರೆ ಕಾಲುಬಾಯಿ ಜ್ವರ ಆಚೀಚೆ ದಾಟುವುದಕ್ಕೂ ಅನುಕೂಲವೇ.

ಹೊಲದಂಚಿನಲ್ಲಿ ಜಿಂಕೆಗೆಂದು ಒಂದು ಪಟ್ಟಿ ಬೆಳೆದರೆ ಒಳಗಿನ ಬೆಳೆ ಉಳಿಯುತ್ತದೆಂಬ ನಂಬಿಕೆಗೆ ಉತ್ತರ ಚಿಕ್ಕದು. ಅಂಚಿನವರೆಗೆ ಬರಲು ಕಲಿತ ಹಿಂಡು ಅಂಚಿನಲ್ಲೇ ನಿಲ್ಲುವುದಿಲ್ಲ. ಹಸಿದ ಜಿಂಕೆಗೆ ಅಕ್ಕಿ, ಮುಸುಕಿನ ಜೋಳದ ಕಾಳು ಸುರಿಯುವುದಂತೂ ಅಪಾಯ. ನಾರು ಜೀರ್ಣಿಸುವ ಸೂಕ್ಷ್ಮಜೀವಿಗಳೇ ತುಂಬಿದ ಹೊಟ್ಟೆಗೆ ಹಠಾತ್ತನೆ ಪಿಷ್ಟ ಬಿದ್ದರೆ ಹುಳಿಯೇರಿ ಪ್ರಾಣಿ ಸಾಯುತ್ತದೆ. ಹೊಸ ಆಹಾರಕ್ಕೆ ಹೊಟ್ಟೆ ಒಗ್ಗಲು ಎರಡು ಮೂರು ವಾರ ಬೇಕು.

ಹಾಗಾದರೆ ಬಿತ್ತುವುದೇ ಬೇಡವೆ? ಬೇಕು, ಆದರೆ ನಮ್ಮ ಹೊಲದಲ್ಲಿ, ನಮ್ಮ ದನಕ್ಕೆ. ಕೊಟ್ಟಿಗೆಯಲ್ಲಿ ಮೇವಿದ್ದರೆ ಕಾವಲಿನ ಮೇಲೆ ಹೊರೆ ತಗ್ಗುತ್ತದೆ. ಕಾವಲಿನಲ್ಲಿ ಉಳಿದ ಹುಲ್ಲೇ ಜಿಂಕೆಯ ಪಾಲು. ಇಲ್ಲಿಯೂ ಒಂದು ತಪ್ಪು ತಿಳಿವಳಿಕೆ ದನದ ಜೀವ ತೆಗೆಯುತ್ತದೆ. ಹಸಿರಾಗಿದ್ದರೆ ಸಾಕು, ಮೇಯಿಸಬಹುದು ಎಂಬುದು. ಬರಕ್ಕೆ ಸಿಕ್ಕಿ ಗಿಡ್ಡಾದ ಎಳೆಯ ಜೋಳದಲ್ಲಿ, ಕೊಯ್ದ ಕೂಳೆಗೆ ಮಳೆ ಬಿದ್ದು ಬರುವ ಚಿಗುರಿನಲ್ಲಿ ಸಯನೈಡ್ ಹುಟ್ಟಿಸುವ ಅಂಶ ಹೆಚ್ಚು. ಹೊಟ್ಟೆತುಂಬ ಮೇಯ್ದ ದನ ಕೆಲವೇ ನಿಮಿಷಗಳಲ್ಲಿ ಏದುಸಿರು ಬಿಟ್ಟು ಬೀಳಬಹುದು. ಮದ್ದು ಇದೆ, ಆದರೆ ಪಶುವೈದ್ಯರು ಬಂದು ರಕ್ತನಾಳಕ್ಕೆ ಚುಚ್ಚುವಷ್ಟು ಹೊತ್ತು ಸಿಗುವುದೇ ಕಷ್ಟ. ಹೂ ಬಿಟ್ಟ ಮೇಲೆ ಕೊಯ್ದ ಜೋಳದಲ್ಲಿ ಈ ಭಯ ಕಡಿಮೆ. ಕೊಯ್ದು ಚೆನ್ನಾಗಿ ಒಣಗಿಸಿದರೂ ವಿಷ ಇಳಿಯುತ್ತದೆ.

ಒಣಗಿಸಿದರೆ ಎಲ್ಲ ವಿಷವೂ ಹೋಗುತ್ತದೆಂದು ಮಾತ್ರ ತಿಳಿಯಬೇಡಿ. ಯೂರಿಯಾ ಚೆನ್ನಾಗಿ ಹಾಕಿದ ಮುಸುಕಿನ ಜೋಳ, ಜೋಳಗಳು ಬರದಲ್ಲಿ ಬೆಳವಣಿಗೆ ನಿಲ್ಲಿಸಿದಾಗ ನೈಟ್ರೇಟ್ ದಂಟಿನ ಬುಡದಲ್ಲಿ ಕೂಡಿಕೊಳ್ಳುತ್ತದೆ. ಅದು ಒಣಗಿದರೂ ಉಳಿಯುತ್ತದೆ. ರಸಮೇವು ಮಾಡಿದರೆ ಸಾಕಷ್ಟು ತಗ್ಗುತ್ತದೆ. ಬುಡದಿಂದ ಒಂದು ಅಡಿ ಬಿಟ್ಟು ಕೊಯ್ಯುವುದು, ಬರ ಮುರಿದ ಮಳೆಯ ನಂತರ ವಾರವಾದರೂ ಕಾಯುವುದು ಸುಲಭದ ಎಚ್ಚರಿಕೆಗಳು.

ರಾಗಿ ಕೈಕೊಟ್ಟ ವರ್ಷ ಹಸ್ತ, ಚಿತ್ತೆ ಮಳೆಗೆ ಹುರುಳಿ ಚೆಲ್ಲುವ ರೂಢಿ ಅರಸೀಕೆರೆ ಕಡೆಯ ಮಂದಿಗೆ ಯಾರೂ ಕಲಿಸಬೇಕಾದದ್ದಲ್ಲ. ಕಾಳು ಬರದಿದ್ದರೂ ಬಳ್ಳಿ ಮೇವಾಗುತ್ತದೆ. ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಚೆನ್ನಾಗಿ ಜೀರ್ಣವಾಗುತ್ತದೆ ಎಂಬುದೂ ಇಲ್ಲಿಯವರಿಗೆ ಗೊತ್ತು. ಬೇಲೂರು ಕಡೆಯ ಭತ್ತದ ಹುಲ್ಲೇ ಸಿಕ್ಕಿದರೆ 100 ಕಿಲೋಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಪೂರ್ತಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಅದರ ಸತ್ವ ಹೆಚ್ಚುತ್ತದೆ. ಯೂರಿಯಾ ವಿಷವಲ್ಲವೇ ಎಂದರೆ, ಅಳತೆ ತಪ್ಪಿದರೆ, ಕರಗದೆ ಗಟ್ಟಿ ಉಳಿದರೆ ಹೌದು. ಆರು ತಿಂಗಳೊಳಗಿನ ಕರುಗಳಿಗೆ ಹಾಕಬಾರದು.

ಕೊನೆಯ ತಪ್ಪು ಬರ ಮುಗಿದ ದಿನ ನಡೆಯುತ್ತದೆ. ಮೊದಲ ಮಳೆಗೆ ಕಾವಲು ಹಸಿರಾಗುತ್ತಿದ್ದಂತೆ ಇದ್ದಬದ್ದ ದನ, ಕುರಿಗಳನ್ನೆಲ್ಲ ಅಲ್ಲಿಗೆ ಅಟ್ಟುತ್ತಾರೆ. ಆ ಚಿಗುರು ಬೇರಿನಲ್ಲಿ ಉಳಿದಿದ್ದ ಗಂಟನ್ನು ಒಡೆದು ಬಂದದ್ದು. ಎಲೆ ಬಲಿತು ಬೇರಿಗೆ ಸಾಲ ತೀರಿಸುವ ಮೊದಲೇ ಮೇಯ್ದರೆ ಬರದಲ್ಲಿ ಸಾಯದ ಬುಡ ಮಳೆಗಾಲದಲ್ಲಿ ಸಾಯುತ್ತದೆ. ಮೂರು ನಾಲ್ಕು ವಾರ ಕಾವಲನ್ನು ಬಿಡಬೇಕಾದರೆ ಮನೆಯ ಮೆದೆಯಲ್ಲಿ ಅಷ್ಟು ದಿನದ ಹುಲ್ಲು ಇರಬೇಕು. ಒಂದು ಹಸು ದಿನಕ್ಕೆ ಐದಾರು ಕಿಲೋ ಒಣಹುಲ್ಲು ತಿನ್ನುತ್ತದೆಂದರೆ ತಿಂಗಳಿಗೆ 150ರಿಂದ 180 ಕಿಲೋ. ಮೇವಿನ ಲೆಕ್ಕ ಹಾಕುವಾಗ ಮಳೆ ಬರುವ ದಿನಕ್ಕೆ ನಿಲ್ಲಿಸದೆ ಈ ಒಂದು ತಿಂಗಳನ್ನೂ ಕೂಡಿಸಿಕೊಳ್ಳಬೇಕು.