ಕ್ಯಾಪ್ಸೂಲ್ ಕಾಫಿ ಯಂತ್ರ: ಕೊಳ್ಳುವ ಮುನ್ನ ಒಂದು ಲೆಕ್ಕ

ಮನೆಬಳಕೆಗೆ ಕ್ಯಾಪ್ಸೂಲ್ ಕಾಫಿ ಯಂತ್ರವನ್ನು ಕೊಳ್ಳುವವರು ಸಾಮಾನ್ಯವಾಗಿ ವಿಚಾರಿಸುವುದು ಯಂತ್ರದ ಬೆಲೆಯನ್ನು. ವರ್ತಕ ಬಾಂಧವರು ಮೊದಲು ವಿಚಾರಿಸಬೇಕಾದುದು ಕ್ಯಾಪ್ಸೂಲಿನ ಬೆಲೆಯನ್ನು. ಯಂತ್ರದ ಖರ್ಚು ಒಂದು ಬಾರಿಯದು. ಕ್ಯಾಪ್ಸೂಲಿನ ಖರ್ಚು ನಿತ್ಯದ್ದು.

ಎಸ್ಪ್ರೆಸೊ ಕ್ಯಾಪ್ಸೂಲೊಂದರಲ್ಲಿರುವ ಪುಡಿ ಸುಮಾರು 5 ಗ್ರಾಂ. ಅದರ ಬೆಲೆ 50 ರೂಪಾಯಿ ಎಂದಿಟ್ಟುಕೊಂಡರೆ, ಪುಡಿಗೆ ಕಿಲೋ ಒಂದಕ್ಕೆ 10,000 ರೂಪಾಯಿ ತೆತ್ತಂತಾಯಿತು. ದಿನಕ್ಕೆ ನಾಲ್ಕು ಕ್ಯಾಪ್ಸೂಲ್ ಬಳಸುವ ಮನೆಯಲ್ಲಿ ವರ್ಷದ ಖರ್ಚು 73,000 ರೂಪಾಯಿ!

ಆದುದರಿಂದ, ಯಂತ್ರಕ್ಕೆ ಹೊಂದುವ ಕ್ಯಾಪ್ಸೂಲನ್ನು ಎಷ್ಟು ಮಂದಿ ತಯಾರಿಸುತ್ತಾರೆ ಎಂಬುದೇ ಮುಖ್ಯ ಪ್ರಶ್ನೆ. ನೆಸ್ಲೆ ಸಂಸ್ಥೆಯು 1986ರಲ್ಲಿ ಮಾರುಕಟ್ಟೆಗೆ ತಂದ ನೆಸ್ಪ್ರೆಸೊ ಮೂಲ ಮಾದರಿಯ ಪ್ರಮುಖ ಪೇಟೆಂಟುಗಳು 2012ರ ವೇಳೆಗೆ ಮುಗಿದವು; ಅದಕ್ಕೆ ಹೊಂದುವ ಕ್ಯಾಪ್ಸೂಲ್ ತಯಾರಿಸುವವರ ಸಂಖ್ಯೆ ಬೆಳೆಯಿತು. ಅದೇ ಸಂಸ್ಥೆಯು 2014ರಲ್ಲಿ ತಂದ ವರ್ಚುಯೊ ಯಂತ್ರವಾದರೋ ಕ್ಯಾಪ್ಸೂಲಿನ ಅಂಚಿನಲ್ಲಿರುವ ಬಾರ್‌ಕೋಡ್ ಓದಿ ಕಾಫಿ ಇಳಿಸುತ್ತದೆ. ಮೂಲ ಮಾದರಿಯ ಕ್ಯಾಪ್ಸೂಲು ಅದಕ್ಕೆ ಹೊಂದದು.

ಹಾಲು ಬೆರೆಸಿ ಕುಡಿಯುವ ನಮ್ಮವರು ಇನ್ನೊಂದನ್ನು ಗಮನಿಸಬೇಕು. ಒಂದು ಎಸ್ಪ್ರೆಸೊ ಸುಮಾರು 40 ಮಿ.ಲೀ. ಮಾತ್ರ, ಹಾಲಿಗೆ ನೊರೆ ತರಿಸುವ ಸೌಲಭ್ಯ ಎಲ್ಲ ಯಂತ್ರಗಳಲ್ಲಿಲ್ಲ. ಗಡಸು ನೀರಿನ ಊರುಗಳಲ್ಲಿ ಒಳಗೆ ಕಟ್ಟುವ ಸುಣ್ಣದ ಪದರವನ್ನು ಆಗಾಗ ತೆಗೆಯಬೇಕಾಗುವುದರಿಂದ, ಸಮೀಪದಲ್ಲಿ ದುರಸ್ತಿ ಕೇಂದ್ರವಿದೆಯೇ ಎಂದೂ ವಿಚಾರಿಸುವುದು ಲೇಸು.

ಒಬ್ಬನೇ ಸರಬರಾಜುದಾರನನ್ನು ನೆಚ್ಚಿ ವ್ಯಾಪಾರ ಮಾಡಬಾರದೆಂಬುದು ನಾವೆಲ್ಲ ಅರಿತ ಪಾಠ. ಅಡಿಗೆಮನೆಗೂ ಅದು ಅನ್ವಯಿಸುತ್ತದೆ.