ಹೊಸ ಫೆಲೊಗಳೂ ನಮ್ಮ ಚಾಳಿನ ಹುಡುಗನೂ

ನಮ್ಮ ಕಚೇರಿಗೆ ಹೊಸ ಗುಮಾಸ್ತನೊಬ್ಬ ಬಂದು ಸೇರಿದನೆಂದರೆ ಮೊದಲು ಅವನಿಗೊಂದು ಕುರ್ಚಿ ಹುಡುಕಬೇಕು. ಆಮೇಲೆ ಯಾರೂ ಮುಟ್ಟದ ಫೈಲುಗಳ ಕಟ್ಟೊಂದನ್ನು ಅವನ ಮುಂದಿಡಬೇಕು. 2004ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆಯೊಂದಕ್ಕೆ ಈ ತಾಪತ್ರಯವಿರಲಿಲ್ಲ. ಅದಕ್ಕೆ ಸೇರಿದವರು ತಮ್ಮ ತಮ್ಮ ಊರುಗಳಲ್ಲಿ ಇದ್ದುಕೊಂಡೇ ಬರೆಯುತ್ತಿದ್ದರು, ವಾದಿಸುತ್ತಿದ್ದರು. ಅವರಿಗೆ 'ಫೆಲೊ' ಎಂಬ ಹೆಸರು. ಗುಮಾಸ್ತಗಿರಿಯಂಥ ನೌಕರಿಯಲ್ಲ ಅದು; ವಿದ್ವತ್ತಿಗೆ ಸಲ್ಲುವ ಒಂದು ಮರ್ಯಾದೆ.

ನೀತಿ ಮತ್ತು ಉದಯೋನ್ಮುಖ ತಂತ್ರವಿದ್ಯೆಗಳ ಸಂಸ್ಥೆಯೆಂದು ಅದರ ಹೆಸರನ್ನು ಕನ್ನಡಿಸಬಹುದು. ಸ್ಥಾಪಕರು ಇಬ್ಬರು: ತತ್ತ್ವಶಾಸ್ತ್ರಜ್ಞ ನಿಕ್ ಬೋಸ್ಟ್ರಮ್ ಮತ್ತು ಸಮಾಜಶಾಸ್ತ್ರಜ್ಞ ಜೇಮ್ಸ್ ಹ್ಯೂಸ್. ಈ ಹ್ಯೂಸರು ತರುಣರಾಗಿದ್ದಾಗ ಸಿಂಹಳದಲ್ಲಿ ಸರ್ವೋದಯ ಸಂಸ್ಥೆಯ ಸೇವೆಯಲ್ಲಿದ್ದು, 1984ರಲ್ಲಿ ಕೆಲವು ಕಾಲ ಬೌದ್ಧ ಭಿಕ್ಷುವಾಗಿಯೂ ಇದ್ದವರು! ಔಷಧ, ಯಂತ್ರ, ವಂಶವಾಹಿಗಳ ತಿದ್ದುಪಡಿ, ಇವುಗಳಿಂದ ಮನುಷ್ಯನ ಶಕ್ತಿಯನ್ನು ಹುಟ್ಟಿನಿಂದ ಬಂದುದಕ್ಕಿಂತ ಹೆಚ್ಚಿಸಬಹುದೆ, ಹೆಚ್ಚಿಸಿದರೆ ಅದು ಯಾರಿಗೆ ದಕ್ಕಬೇಕು ಎಂಬುದು ಅಲ್ಲಿನ ಚರ್ಚೆ.

ಸೇರಿದ ಫೆಲೊಗಳಾದರೂ ಎಂಥವರು! ಈಜಿಪ್ಟಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದು ಮೈಕ್ರೋಸಾಫ್ಟ್ ಕಂಪೆನಿಯಲ್ಲಿ ದುಡಿದ ರಾಮೆಜ್ ನಾಮ್ ಒಬ್ಬರು. ಆಟಗಾರರ ಶರೀರವನ್ನೇ ವಂಶವಾಹಿಯ ಮಟ್ಟದಲ್ಲಿ ಮಾರ್ಪಡಿಸುವ ವಿಚಾರವಾಗಿ 2004ರಲ್ಲಿ ಗ್ರಂಥ ಬರೆದ ಬ್ರಿಟನ್ನಿನ ಆಂಡಿ ಮಿಯಾ ಇನ್ನೊಬ್ಬರು. ಕೆನಡಾದ ಜಾರ್ಜ್ ಡ್ವೋರ್ಸ್ಕಿಯವರಂತೂ ಡಾಲ್ಫಿನ್ನುಗಳಿಗೂ ವ್ಯಕ್ತಿಯ ಹಕ್ಕು ಸಲ್ಲಬೇಕೆನ್ನುವವರು. ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಕೂಡ ಇಷ್ಟು ತರದ ಜನ ಒಂದೇ ಜಮಖಾನೆಯ ಮೇಲೆ ಕೂಡುವುದಿಲ್ಲ.

ವಿರೋಧಿಗಳೇನು ಕಡಮೆಯಲ್ಲ. ಸಂಸ್ಥೆ ಹುಟ್ಟಿದ ವರ್ಷವೇ ಫ್ರಾನ್ಸಿಸ್ ಫುಕುಯಾಮಾ ಎಂಬ ವಿದ್ವಾಂಸರು ಈ ವಿಚಾರಧಾರೆಯನ್ನು ಜಗತ್ತಿನಲ್ಲೇ ಅತ್ಯಂತ ಅಪಾಯಕರವಾದುದೆಂದು ಬರೆದರು. ಶರೀರಗಳಲ್ಲೇ ಮೇಲು ಕೀಳು ಬಂದರೆ ಸಮಾನತೆಯ ಗತಿಯೇನೆಂದು ಅವರ ಆತಂಕ. ಹ್ಯೂಸರ ನಿಲುವು ಬೇರೆ: ತಡೆಯುವುದು ಬೇಡ, ಸುರಕ್ಷಿತವೆಂದು ಪರೀಕ್ಷಿಸಿ ಎಲ್ಲರಿಗೂ ಎಟಕುವಂತೆ ಸರಕಾರ ನೋಡಿಕೊಳ್ಳಲಿ. ನನಗೆ ಹ್ಯೂಸರ ಮಾತೇ ಸರಿಯೆನಿಸಿತ್ತು. ಈಗಲೂ ಬಹುಮಟ್ಟಿಗೆ ಹಾಗೆಯೇ. ಆದರೆ ಮುಂಬಯಿಯ ನಮ್ಮ ಚಾಳಿನ ಒಬ್ಬ ಹುಡುಗನಿಂದ ನನ್ನ ನಿಶ್ಚಯ ಸ್ವಲ್ಪ ಸಡಿಲವಾಗಿದೆ.

ಧಾರವಾಡದ ಕಡೆಯ ಕುಟುಂಬ. ತಂದೆ ಟೆಂಪೋ ಚಾಲಕ. ಹುಡುಗ ಹುಟ್ಟು ಕಿವುಡ. ಕಿವಿಯ ಒಳಭಾಗದಲ್ಲಿ ಶಂಖದಂತೆ ಸುತ್ತಿಕೊಂಡಿರುವ ಅಂಗದೊಳಗೆ ಸೂಕ್ಷ್ಮ ತಂತಿಯನ್ನು ಕೂರಿಸುತ್ತಾರೆ. ಹೊರಗೆ ಕಿವಿಯ ಹಿಂದಿನ ಯಂತ್ರ ಸದ್ದನ್ನು ಹಿಡಿದು ಸಂಕೇತವಾಗಿ ಒಳಗೆ ಕಳುಹಿಸುತ್ತದೆ; ಆ ತಂತಿ ಶ್ರವಣದ ನರವನ್ನು ನೇರವಾಗಿ ತಟ್ಟುತ್ತದೆ. ಬೆಲೆ ಹಲವು ಲಕ್ಷ. ಕೇಂದ್ರ ಸರಕಾರದ ಅಡಿಪ್ ಯೋಜನೆಯಲ್ಲಿ, ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಯ ಮೂಲಕ, ಅವರಿಗೆ ಅದು ದೊರಕಿತು. ಅರ್ಜಿ ತುಂಬಿದವನು ನಾನೇ. ಗುಮಾಸ್ತನ ವಿದ್ಯೆ ಅಷ್ಟಕ್ಕಾದರೂ ಬಂತು.

ಯಂತ್ರ ಕೂರಿಸಿದ ಮಾತ್ರಕ್ಕೆ ಮಾತು ಬರುವುದಿಲ್ಲ. ವಾರಕ್ಕೆರಡು ದಿನ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ತಾಯಿ ಅವನನ್ನು ಅಭ್ಯಾಸಕ್ಕೆ ಕರೆದೊಯ್ದರು. ಹೀಗೆ ಒಂದೂವರೆ ವರ್ಷ. ಒಂದು ಸಂಜೆ ನೀರು ಹಿಡಿಯುವಾಗ ಅವರೇ ಕೇಳಿದರು: "ಮಿಷನ್ ಹಾಕಿದ್ರ ನಮ್ಹಂಗ, ತಗದ್ರ ಮತ್ತ ಕಿವುಡ. ಹಂಗಾದ್ರ ಇವಾ ಯಾರ ಪೈಕಿ, ಅಣ್ಣಾವ್ರ?"

ನಾನು ಉತ್ತರ ಕೊಡಲಿಲ್ಲ. 1990ರಲ್ಲಿ ಅಮೆರಿಕದ ಸರಕಾರ ಮಕ್ಕಳಿಗೂ ಈ ಯಂತ್ರವನ್ನು ಒಪ್ಪಿದಾಗ ಅಲ್ಲಿನ ಕಿವುಡರ ರಾಷ್ಟ್ರೀಯ ಸಂಘವೇ ಅದನ್ನು ಖಂಡಿಸಿತು. ನಾವು ರೋಗಿಗಳಲ್ಲ, ನಮಗೊಂದು ಕೈಸನ್ನೆಯ ಭಾಷೆಯಿದೆ, ಮಕ್ಕಳು ಅದನ್ನು ಕಳೆದುಕೊಳ್ಳುತ್ತಾರೆ ಎಂಬುದು ಅನೇಕ ಕಿವುಡರ ವಾದ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಮಕ್ಕಳನ್ನು ಬೆಳೆಸುವ ನಮಗೆ ಆ ಸಂಕಟ ತಿಳಿಯದ್ದೇನಲ್ಲ. ಸಂಸ್ಥೆಗಳು ಫೆಲೊಗಳನ್ನು ಆರಿಸುವಾಗ ತತ್ತ್ವಜ್ಞರ ಜತೆಗೆ ಇಂಥ ತಾಯಿಯೊಬ್ಬರನ್ನೂ, ಯಂತ್ರ ಬೇಡವೆಂದ ಕಿವುಡರೊಬ್ಬರನ್ನೂ ಕರೆದರೆ ಚರ್ಚೆಯ ಧಾಟಿಯೇ ಬದಲಾದೀತು.

ಹುಡುಗ ಈಗ ಬಾಲವಾಡಿಗೆ ಹೋಗುತ್ತಾನೆ. ನನ್ನನ್ನು 'ಮಾಮಾ' ಎನ್ನುತ್ತಾನೆ, ಸ್ವಲ್ಪ ಮೂಗಿನಲ್ಲಿ. ರಾತ್ರಿ ಯಂತ್ರ ತೆಗೆದು ಡಬ್ಬಿಯಲ್ಲಿಡುತ್ತಾರೆ. ಗಣಪತಿ ಹಬ್ಬದಲ್ಲಿ ಢೋಲು ತಾಶೆಗಳ ಅಬ್ಬರಕ್ಕೆ ಚಾಳಿಗೆ ಚಾಳೇ ಎದ್ದು ಕುಳಿತಾಗ, ನೆಮ್ಮದಿಯಾಗಿ ನಿದ್ರೆ ಮಾಡುವವನು ಅವನೊಬ್ಬನೇ.